ಇಂಗಿನ ಪಕ್ಕ ಇಟ್ಟ ಚಹಾ

ಕಳೆದ ವಾರ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕಿರಾಣಿ ಅಂಗಡಿಯವನು ಗಟ್ಟಿ ಇಂಗಿನ ಹೊಸ ಡಬ್ಬಿ ಒಡೆದ. ಪಕ್ಕದಲ್ಲಿ ನಿಂತಿದ್ದ ಹೆಂಗಸು ದುಪಟ್ಟಾ ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ನಾನು ಮುಂದೆ ಹೋಗಿ ಎದೆ ತುಂಬ ಎಳೆದುಕೊಂಡೆ. ಎಲ್ಲರಿಗೂ ಇಂಗು ಅಂದರೆ ಸಾರಿನ ಒಗ್ಗರಣೆ. ನನಗೆ ಅದು ಒಂದು ಇಡೀ ಮಳೆಗಾಲ, ಮತ್ತು ಆ ಮಳೆಗಾಲದ ಕೊನೆಗೆ ನಮ್ಮ ರಮಾನಂದ ಭಾವನ ಮುಖ ಕಪ್ಪಿಟ್ಟ ಒಂದು ಭಾನುವಾರ. ಅಂಗಡಿಯವನು, "ಕಾಯ್ ಝಾಲಂ ಮ್ಯಾಡಮ್, ಹಸ್ತಾ ಕಾ?" ಎಂದು ಕೇಳಿದ. ಯಾಕೆ ನಗುತ್ತಿದ್ದೇನೆಂದು ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ರಮಾನಂದ ಭಾವ ನನ್ನ ಅಪ್ಪನ ಅಕ್ಕನ ಮಗ. ಉಡುಪಿಯಿಂದ ಬರಿಗೈಯಲ್ಲಿ ಬಂದವನನ್ನು ಅಪ್ಪ ನಮ್ಮ ಮನೆಯಲ್ಲೇ ಇಟ್ಟುಕೊಂಡು, ಸ್ಟೇಷನ್ ಹತ್ತಿರದ ನಮ್ಮ ಪುಟ್ಟ ಹೋಟೆಲಿನಲ್ಲಿ ಗಲ್ಲಾದಿಂದ ಉಗ್ರಾಣದವರೆಗೆ ಎಲ್ಲ ಕೆಲಸ ಕಲಿಸಿದರು. ಹಿಟ್ಟು ಹುಳಿ ಬಂತೋ ಇಲ್ಲವೋ ಎಂದು ಬೆರಳು ಅದ್ದಿ ನೋಡುವುದನ್ನು ಕಲಿಸಿದರು. ಕೇಸರಿ, ಏಲಕ್ಕಿ, ಗೋಡಂಬಿ, ಇಂಗು, ಹೀಗೆ ಬೆಲೆ ಬಾಳುವುದೆಲ್ಲ ಒಂದೇ ಕಪಾಟಿನಲ್ಲಿರಬೇಕು, ಅದಕ್ಕೆ ಬೀಗ ಬೀಳಬೇಕು, ಬೀಗದ ಕೈ ಯಜಮಾನನ ಸೊಂಟದಲ್ಲಿರಬೇಕು ಎಂದು ಕಲಿಸಿದವರೂ ಅಪ್ಪನೇ. ನಮ್ಮವರ ಯಾವ ಹೋಟೆಲಿಗೆ ಹೋದರೂ ಉಗ್ರಾಣದಲ್ಲಿ ಅಂಥದೊಂದು ಕಪಾಟು ಇದ್ದೇ ಇರುತ್ತದೆ. ಈ ಕಪಾಟನ್ನು ನೆನಪಿಟ್ಟುಕೊಳ್ಳಿ.

ಭಾವ ಆಮೇಲೆ ಥಾಣೆಯಲ್ಲಿ ಸ್ವಂತ ಹೋಟೆಲು ಹಾಕಿ ಚೆನ್ನಾಗಿ ಬೆಳೆದ. ಆ ವರ್ಷ ಅಕ್ಷಯ ತೃತೀಯಕ್ಕೆ ಹೋಟೆಲಿನ ಮೇಲಿನ ಮಹಡಿಯಲ್ಲಿ ಎಸಿ ಹಾಕಿಸಿ ಒಂದು ಟೀ ರೂಮ್ ತೆರೆದ. ಅಲ್ಲಿ ಹಾಲಿಲ್ಲ, ಸಕ್ಕರೆಯಿಲ್ಲ, ಪುಡಿಯಿಲ್ಲ. ಡಾರ್ಜಿಲಿಂಗ್, ಅಸ್ಸಾಂ, ನೀಲಗಿರಿಗಳಿಂದ ತರಿಸಿದ ಎಲೆ. ಪ್ರತಿಯೊಂದೂ ಒಂದೇ ತೋಟದ್ದು, ಒಂದೇ ಕೊಯ್ಲಿನದ್ದು, ಇನ್ನೊಂದರ ಜತೆ ಬೆರೆಸದೆ ಇದ್ದದ್ದು. ಹೆಸರು ಕೆತ್ತಿಸಿದ ಮರದ ಪೆಟ್ಟಿಗೆಗಳಲ್ಲಿ ಅವನ್ನು ಸಾಲಾಗಿ ಜೋಡಿಸಿದ್ದ. ಕರೆಯೋಲೆ ಬಂದಾಗ ಅಪ್ಪನಿಗೆ ಆದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಸ್ತ್ರಿ ಮಾಡಿಸಿದ ಬಿಳಿ ಪಂಚೆ, ಜರಿಯ ಶಾಲು. "ನಮ್ಮ ಹುಡುಗ ನೋಡು, ಎಲ್ಲಿಗೆ ಹೋದ!" ಎಂದು ಲೋಕಲ್ ಗಾಡಿಯಲ್ಲಿ ಮುಂಬ್ರಾ ಸ್ಟೇಷನ್ ದಾಟುವವರೆಗೂ ಹೇಳಿದ್ದೇ ಹೇಳಿದ್ದು.

ಅಲ್ಲಿ ಅಪ್ಪನ ಕೈಯಿಂದ ದೀಪ ಹಚ್ಚಿಸಿದರು. ಆಮೇಲೆ ತೆಳ್ಳನೆಯ ಗಾಜಿನ ಕಪ್ಪಿನಲ್ಲಿ ಹುಲ್ಲಿನ ಬಣ್ಣದ ನೀರು ಕೊಟ್ಟರು. ಅಪ್ಪ ಒಂದು ಗುಟುಕು ಕುಡಿದು, ಭಾವನ ಕಡೆ ಬಾಗಿ, ಮೆಲ್ಲಗೆ, "ಇದಕ್ಕೆ ಸ್ವಲ್ಪ ಹಾಲು, ಸಕ್ಕರೆ ಹಾಕ್ಲಿಕ್ಕೆ ಹೇಳು ಮಾರಾಯ" ಅಂದರು. ಭಾವನ ಕೈಯಲ್ಲಿ ಮೈಕಿತ್ತು. ಥಾಣೆಯ ದೊಡ್ಡ ಮನುಷ್ಯರೆಲ್ಲ ಎದುರಿಗೆ ಕೂತಿದ್ದರು. ಅವನಿಗೆ ಅವರನ್ನು ನಗಿಸಬೇಕಿತ್ತು. ಅಪ್ಪನ ಹೆಗಲ ಮೇಲೆ ಕೈ ಹಾಕಿ ಹಿಂದಿಯಲ್ಲಿ ಅಂದ: "ಇವರು ನನ್ನ ಮಾವ. ಇಡೀ ಜನ್ಮ ಚಹಾ ಮಾರಿದರು, ಇವತ್ತಿನವರೆಗೆ ಒಂದು ಸಲವೂ ಚಹಾ ಕುಡಿದಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಪ್ಪನೂ ನಕ್ಕರು, ಎಲ್ಲರಿಗೂ ಕೈ ಮುಗಿದರು. ನಾನು ಪಕ್ಕದಲ್ಲೇ ಇದ್ದೆ. ಆಮೇಲೆ ಅವರು ಆ ಗಾಜಿನ ಕಪ್ಪನ್ನು ಶಾಲಿನ ಮರೆಯಲ್ಲಿ ಕೆಳಗಿಟ್ಟದ್ದು ನನಗೆ ಮಾತ್ರ ಕಾಣಿಸಿತು. ಅಲ್ಲಿಯವರೆಗೆ ಭಾವ ನನ್ನ ಬಾಯಲ್ಲೂ ಮನಸ್ಸಿನಲ್ಲೂ 'ಅವರು'. ಅವತ್ತಿನಿಂದ ಎದುರಿಗೆ 'ನೀವು', ಮನಸ್ಸಿನಲ್ಲಿ 'ಅವನು'. ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ, ತಿದ್ದುವುದಿಲ್ಲ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮಾಡಿದ ಚಹಾದ ಮೊದಲ ಗ್ಲಾಸು ದೇವರ ಪಟಕ್ಕೆ ತೋರಿಸಿ ಅಪ್ಪ ಕುಡಿಯಬೇಕು. ಅವರು "ಹಾಂ" ಅಂದ ಮೇಲೆಯೇ ಗಿರಾಕಿಗಳಿಗೆ. ಮರುದಿನ ಬೆಳಿಗ್ಗೆ ಒಲೆಯ ಹತ್ತಿರ ನಿಲ್ಲುವ ಭಟ್ಟರು ಗ್ಲಾಸು ತಂದಿಟ್ಟರೆ ಅಪ್ಪ ಅದನ್ನು ಹಿಂದಕ್ಕೆ ತಳ್ಳಿದರು.

"ನೀವೇ ನೋಡಿ ಭಟ್ರೇ. ನನಗೆಂತ ಗೊತ್ತಾಗ್ತದೆ ಚಾದ ವಿಷಯ?"

ಆಮೇಲೆ ಬರೀ ಬಿಸಿನೀರು. ಮನೆಯಲ್ಲೂ ಅದೇ. ಅಮ್ಮ ಹೋದ ಮೇಲೆ ಬೆಳಿಗ್ಗೆ ನಾವಿಬ್ಬರು ಎದುರುಬದುರು ಕೂತು ಚಹಾ ಕುಡಿಯುವುದೇ ನಮ್ಮ ಸಂಸಾರವಾಗಿತ್ತು. ಅದೂ ನಿಂತಿತು. ವೈದ್ಯರು ಬೇಡ ಅಂದರೆ ಸಹಿಸಿಕೊಳ್ಳಬಹುದಿತ್ತು. ಇದು ರಮಾನಂದ ಬಿಡಿಸಿದ ಚಹಾ.

ಅವನಿಗೆ ಬೈದು ಬರಬಹುದಿತ್ತು. ಬೈದರೆ ಏನು, ಚಹಾದ ವಿಷಯ ಗೊತ್ತಿಲ್ಲದವಳು ಬೈದಳು ಅಂತಾಗುತ್ತದೆ. ಅವನ ಆಟದಲ್ಲೇ, ಅವನ ಮೈಕಿನಲ್ಲೇ, ಅವನ ಜನರ ಎದುರೇ ಅವನಿಗೆ ಮಣ್ಣು ಮುಕ್ಕಿಸಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ನಾನು ಚಹಾ ಕಲಿಯಬೇಕಿತ್ತು. ಥಾಣೆಯ ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ನಾನು ಕೆಲಸ ಮಾಡುವ ಕಂಪನಿಯ ಗೆಳತಿಯೊಬ್ಬಳು ಮಿಸೆಸ್ ಸಾನ್ಯಾಲ್ ಎಂಬವರ ನಂಬರು ಕೊಟ್ಟಳು. ಕೋಲ್ಕತ್ತಾದಲ್ಲಿ ಚಹಾ ರುಚಿ ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದು, ನಿವೃತ್ತಿಯಾದ ಮೇಲೆ ಮಗಳ ಹತ್ತಿರ ಇರಲು ನವಿ ಮುಂಬೈಯ ಕೋಪರಖೈರಣೆಗೆ ಬಂದವರು; ಭಾನುವಾರ ಬೆಳಿಗ್ಗೆ ಮನೆಯಲ್ಲೇ ಆಸಕ್ತರಿಗೆ ಪಾಠ ಹೇಳುತ್ತಿದ್ದರು.

ಮೊದಲ ಭಾನುವಾರವೇ ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ನಾನು ಅಭ್ಯಾಸದಂತೆ ಮಲ್ಲಿಗೆ ಮುಡಿದು ಹೋಗಿದ್ದೆ.

"ಹೂವು ತೆಗೆದು ಹೊರಗಿಟ್ಟು ಬಾ. ಕೈಗೆ ಕ್ರೀಮ್ ಹಚ್ಚಿದ್ದೀಯಾ? ತೊಳಿ," ಅಂದರು ಬಂಗಾಳಿ ಬೆರೆತ ಹಿಂದಿಯಲ್ಲಿ. "ಚಹಾ ಎಲೆಯಂಥ ಕಳ್ಳ ಇನ್ನೊಬ್ಬನಿಲ್ಲ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಕದಿಯುತ್ತದೆ. ಸಾಬೂನಿನ ಹತ್ತಿರ ಇಟ್ಟರೆ ಸಾಬೂನು, ಮೀನಿನ ಹತ್ತಿರ ಇಟ್ಟರೆ ಮೀನು. ಮಳೆಗಾಲದಲ್ಲಂತೂ ಕೇಳಲೇಬೇಡ."

ಮುಚ್ಚಳವಿದ್ದ ಬಿಳಿ ಕಪ್ಪುಗಳು, ಒಂದು ಸಣ್ಣ ತಕ್ಕಡಿ, ಮರಳು ಸುರಿಯುವ ಗಡಿಯಾರ. ಮೊದಲು ಒಣ ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಿಸಿ ಉಸಿರು ಊದಿ ಮೂಸಬೇಕು. ನೀರು ಹಾಕಿ ಇಳಿಸಿದ ಮೇಲೆ ಬೆಂದ ಎಲೆಯನ್ನು ಮೂಸಬೇಕು. ಕೊನೆಗೆ ಚಮಚದಿಂದ ಸೊರ್ರ್ ಎಂದು ಶಬ್ದ ಮಾಡಿ ಎಳೆದು, ಬಾಯಿ ತುಂಬ ಆಡಿಸಿ, ಉಗುಳಬೇಕು. ಸದ್ದು ಮಾಡಿ ಕುಡಿದರೆ ಅಮ್ಮನ ಕೈಯಿಂದ ಪೆಟ್ಟು ತಿಂದು ಬೆಳೆದವಳು ನಾನು. ಇಲ್ಲಿ ಸದ್ದು ಮಾಡದಿದ್ದರೆ ಬೈಗುಳ.

ಮೊದಮೊದಲು ನನಗೆ ಒಂದೂ ತಿಳಿಯಲಿಲ್ಲ. ಡಾರ್ಜಿಲಿಂಗೂ ಬಿಸಿನೀರೇ, ನೀಲಗಿರಿಯೂ ಬಿಸಿನೀರೇ. "ಜನ್ಮವಿಡೀ ಶುಂಠಿ, ಸಕ್ಕರೆ. ನಿನ್ನ ನಾಲಿಗೆಗೆ ಗಾರೆ ಮೆತ್ತಿದೆ" ಎಂದು ಮಿಸೆಸ್ ಸಾನ್ಯಾಲ್ ಗದರಿದರು. ಇನ್ನೊಂದು ದಿನ ನನ್ನ ಮೂಗನ್ನು ತಾವೇ ಎರಡು ಬೆರಳಲ್ಲಿ ಒತ್ತಿ ಹಿಡಿದರು.

"ಈಗ ಕುಡಿ. ಏನು ಗೊತ್ತಾಯಿತು?"

"ಏನೂ ಇಲ್ಲ. ಒಗರು ನೀರು."

ಬೆರಳು ಬಿಟ್ಟರು. ಬಿಟ್ಟ ಕ್ಷಣ ಗಂಟಲ ಹಿಂದಿನಿಂದ ಏನೋ ಮೇಲಕ್ಕೆ ಬಂತು. ಹಸಿ ಬಟಾಣಿ ಸುಲಿದಾಗಿನ ವಾಸನೆ, ಅದರ ಹಿಂದೆ ಯಾವುದೋ ಬಿಳಿ ಹೂವು. ನಾನು ಬೆಚ್ಚಿಬಿದ್ದೆ.

"ನಾಲಿಗೆ ಬರೀ ಬಾಗಿಲು," ಅಂದರು ಅವರು. "ಮನೆ ಇರುವುದು ಮೂಗಿನಲ್ಲಿ. ಉಸಿರು ಹಿಡಿದರೆ ಮನೆಗೆ ಬೀಗ."

ಮಳೆ ಶುರುವಾಗುವ ಹೊತ್ತಿಗೆ ಭಾವನ ಹೋಟೆಲಿನಲ್ಲಿ ಸತ್ಯನಾರಾಯಣ ಪೂಜೆ. ಅಪ್ಪ ಮೊಣಕಾಲು ನೋವಿನ ನೆಪ ಹೇಳಿ ಬರಲಿಲ್ಲ. ನಾನು ಹೋದೆ. ಪ್ರಸಾದಕ್ಕೆ ಕೇಸರಿ ಬೇಕಾಯಿತು. ಭಾವ ಸೊಂಟದಿಂದ ಬೀಗದ ಕೈ ತೆಗೆದು ಉಗ್ರಾಣದ ಕಪಾಟು ತೆರೆದ. ತಟ್ಟೆ ಹಿಡಿದುಕೊಂಡು ನಾನು ಅವನ ಹಿಂದೆಯೇ ನಿಂತಿದ್ದೆ. ಮೇಲಿನ ಹಲಗೆಯಲ್ಲಿ ಗೋಡಂಬಿ, ಏಲಕ್ಕಿ. ಕೆಳಗಿನ ಹಲಗೆಯಲ್ಲಿ ಕಾಗದದಲ್ಲಿ ಸುತ್ತಿದ ಗಟ್ಟಿ ಇಂಗಿನ ಉಂಡೆಗಳು. ಅವುಗಳಿಗೆ ಒತ್ತಿಕೊಂಡು, ಹೆಸರು ಕೆತ್ತಿದ ಆ ಮರದ ಪೆಟ್ಟಿಗೆಗಳು.

"ಮೇಲೆ ಇಟ್ರೆ ಹುಡುಗರು ಕದೀತಾರೆ," ಅಂದ ಭಾವ, ನಾನು ನೋಡುತ್ತಿದ್ದದ್ದು ಕಂಡು. "ಗಿರಾಕಿ ಹೋದ ಕೂಡ್ಲೇ ಎಲ್ಲ ಕೆಳಗೆ ತಂದು ಬೀಗ ಹಾಕೋದು. ಅದರ ರೇಟು ನಿನಗೆ ಗೊತ್ತಾದ್ರೆ ತಲೆ ತಿರುಗ್ತದೆ ಮಾರಾಯ್ತಿ!"

ಒಂದು ಮಾತು ಸಾಕಿತ್ತು. 'ಭಾವ, ಇಂಗು ಬೇರೆ ಕಡೆ ಇಡಿ' ಎಂದು ಹೇಳಿದ್ದರೆ ಅವನ ಟೀ ರೂಮು ಬದುಕುತ್ತಿತ್ತು. ಮಾತು ನನ್ನ ತುಟಿಯವರೆಗೆ ಬಂದಿತ್ತು ಕೂಡ. ನಾನು ಅದನ್ನು ನುಂಗಿ, "ಹೌದಾ ಭಾವ, ಜೋಪಾನ ಹಾಂ" ಅಂದು ಕೇಸರಿ ತೆಗೆದುಕೊಂಡು ಒಳಗೆ ಹೋದೆ. ಪೂಜೆಯಲ್ಲಿ ಕೂತು ಕಥೆ ಕೇಳಿದೆ. ಪ್ರಸಾದ ಅವತ್ತು ಭಾರೀ ರುಚಿಯಾಗಿತ್ತು.

ಆ ಮಳೆಗಾಲ ನಾನು ಮಳೆಗೆ ಬೈಯಲಿಲ್ಲ. ಕಲ್ವಾದ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿ ನಿಂತಾಗ ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ರೈಲ್ವೆಗೆ ಹಿಡಿಶಾಪ ಹಾಕುತ್ತಿದ್ದರೆ ನಾನು ಕಿಟಕಿಯ ಸರಳು ಹಿಡಿದು, ಬೀಳಲಿ, ಇನ್ನೂ ಬೀಳಲಿ ಅಂದುಕೊಳ್ಳುತ್ತಿದ್ದೆ. ಗೋಡೆಗಳು ಬೆವರಲಿ, ಉಪ್ಪು ನೀರಾಗಲಿ, ಹಪ್ಪಳ ಮೆತ್ತಗಾಗಲಿ, ಮರದ ಪೆಟ್ಟಿಗೆಗಳು ಹಿಗ್ಗಲಿ. ಥಾಣೆಯ ಆ ಕಪಾಟಿನೊಳಗೆ ಇಂಗು ತನ್ನ ಕೆಲಸ ಮಾಡುತ್ತಿತ್ತು. ಭಾನುವಾರ ಕೋಪರಖೈರಣೆಯಲ್ಲಿ ನಾನು ನನ್ನ ಕೆಲಸ ಮಾಡುತ್ತಿದ್ದೆ. ಅವನ ಚಹಾ ಕೆಡುವುದರೊಳಗೆ ನನ್ನ ಮೂಗು ತಯಾರಾಗಬೇಕಿತ್ತು.

ತಯಾರಾಗುತ್ತ ಬಂತು. ಆಫೀಸಿಗೆ ಪೌಡರು ಹಚ್ಚುವುದು ಬಿಟ್ಟೆ, ಹಸಿಮೆಣಸು ಬಿಟ್ಟೆ. ಅಸ್ಸಾಮಿನ ಎಲೆಯಲ್ಲಿ ಮೊಳಕೆ ಬರಿಸಿ ಹುರಿದ ರಾಗಿಯ ಘಮ ಹಿಡಿಯಲು ಕಲಿತೆ. ನೀಲಗಿರಿಯದು ಬಾಯಲ್ಲಿ ಚುರುಕು, ನುಂಗಿದ ಮೇಲೂ ಪರಿಮಳ ಉಳಿಯುತ್ತದೆ ಎಂದು ಕಣ್ಣು ಮುಚ್ಚಿಯೇ ಹೇಳಬಲ್ಲವಳಾದೆ. ಡಾರ್ಜಿಲಿಂಗಿನ ವಸಂತದ ಕೊಯ್ಲು ಹಸಿರು ಹಸಿರು, ಬೇಸಿಗೆಯ ಕೊಯ್ಲು ಬೇರೆಯೇ. ಆ ಬೇಸಿಗೆಯ ಕೊಯ್ಲನ್ನು ಮೊದಲ ಸಲ ಸರಿಯಾಗಿ ಕುಡಿದ ದಿನ ನನಗೊಂದು ಎಡವಟ್ಟಾಯಿತು. ಬಾಯಿಗೆ ಹಾಕಿದ್ದೇ ತಡ, ಕಪ್ಪು ದ್ರಾಕ್ಷಿಯ ಸಿಪ್ಪೆ ಹಲ್ಲಿನಡಿ ಒಡೆದ ಹಾಗೆ ಒಂದು ಘಮ ತಲೆಯವರೆಗೆ ಏರಿತು. ಹೊರಗೆ ಮಳೆ ಸುರಿಯುತ್ತಿತ್ತು. ಎಷ್ಟೋ ಹೊತ್ತು ನಾನು ಆ ಕಪ್ಪನ್ನು ಹಿಡಿದು ಹಾಗೇ ಕೂತಿದ್ದೆ, ಉಗುಳಲೂ ಇಲ್ಲ. ರಮಾನಂದ ನೆನಪೇ ಆಗಲಿಲ್ಲ. ಆಮೇಲೆ ಅದು ಹೊಳೆದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಿಸೆಸ್ ಸಾನ್ಯಾಲ್ ಬೆಂದ ಎಲೆ ಬುಟ್ಟಿಗೆ ಸುರಿಯುತ್ತ ಕೇಳಿದರು: "ಯಾರ ಮೇಲಿನ ಸೇಡಿಗೆ ಕುಡಿಯುತ್ತಿದ್ದೀ ನೀನು?"

"ಯಾರ ಮೇಲೂ ಇಲ್ಲ."

"ಸುಳ್ಳು. ಚಹಾ ಇಷ್ಟಪಡಲು ಬಂದವರು ನಗುತ್ತ ಕುಡಿಯುತ್ತಾರೆ. ನೀನು ಹಲ್ಲು ಕಚ್ಚಿಕೊಂಡು ಕುಡಿಯುತ್ತೀ." ಆಮೇಲೆ ಅವರೇ ನಕ್ಕರು. "ಇರಲಿ. ಯಾರೇ ಆಗಿರಲಿ, ನನಗೊಬ್ಬಳು ಒಳ್ಳೆಯ ವಿದ್ಯಾರ್ಥಿನಿಯನ್ನು ಕೊಟ್ಟಿದ್ದಾನೆ."

ಗಣಪತಿ ಹಬ್ಬ ಕಳೆದು, ಮಳೆ ಹಿಂದೆ ಸರಿಯುವ ಹೊತ್ತಿಗೆ ಭಾವನಿಂದ ಕರೆ ಬಂತು. ನವಿ ಮುಂಬೈಯಲ್ಲಿ ಇನ್ನೊಂದು ಟೀ ರೂಮು ಹಾಕುವ ಯೋಚನೆ. ಅದಕ್ಕೆ ಪಾಲುದಾರನಾಗುವ ಒಬ್ಬ ಕಬ್ಬಿಣದ ವ್ಯಾಪಾರಿ ಕಳಂಬೋಲಿಯಿಂದ ಬರುತ್ತಾನೆ. ಭಾನುವಾರ ಮಧ್ಯಾಹ್ನ ಆಯ್ದ ಅತಿಥಿಗಳಿಗೆ ಚಹಾ ರುಚಿ ತೋರಿಸುವ ಕಾರ್ಯಕ್ರಮ. "ನೀನೂ ಬಾ, ಕಲ್ತುಕೊಳ್ಳಬಹುದು. ಮಾವನನ್ನೂ ಕರ್ಕೊಂಡು ಬಾ, ಬೇಕಾದ್ರೆ ಹಾಲು ತರಿಸಿಡ್ತೇನೆ" ಎಂದು ಫೋನಿನಲ್ಲಿ ನಕ್ಕ. ಅಲ್ಲಿಯವರೆಗೆ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಪಾಪ, ಒಂದು ಮಾತು ಹೇಳಿಬಿಡಲೇ ಎಂಬ ಯೋಚನೆ ಇದ್ದಿರಬಹುದು. ಆ ನಗು ಕೇಳಿದ ಮೇಲೆ ಅದೂ ಹೋಯಿತು.

ಒಬ್ಬಳೇ ಹೋದೆ. ಹೂವು ಮುಡಿಯಲಿಲ್ಲ.

ಪೆಟ್ಟಿಗೆಗಳು ಆಗಷ್ಟೇ ಕೆಳಗಿನಿಂದ ಬಂದಿದ್ದವು. ಭಾವನ ಕೈಯಲ್ಲಿ ಅದೇ ಮೈಕು. ಕಪ್ಪುಗಳ ಜತೆ ಒಂದೊಂದು ಕಾರ್ಡು: ಡಾರ್ಜಿಲಿಂಗ್, ಬೇಸಿಗೆಯ ಕೊಯ್ಲು, ಒಣಗಿದ ಮರದ, ಬೆಚ್ಚಗಿನ ಮಸಾಲೆಯ, ಮಣ್ಣಿನ ಸುವಾಸನೆ. ಅವನಿಗೇ ಏನೋ ವಾಸನೆ ಹತ್ತಿ, ಅದನ್ನು ಎಲೆಯ ಗುಣವೆಂದೇ ತಿಳಿದು ಬರೆಸಿದ್ದ! ಇಂಗಿನ ನಡುವೆ ಹುಟ್ಟಿ ಬೆಳೆದ ಮೂಗಿಗೆ ಇಂಗು ಹೇಗೆ ಬೇರೆಯಾಗಿ ತಿಳಿಯಬೇಕು? ಅತಿಥಿಗಳು ಕಾರ್ಡು ಓದುವುದು, ಗುಟುಕು ಕುಡಿಯುವುದು, "ಹಾಂ, ಮಸಾಲಾ! ಲಕಡೀ!" ಎಂದು ತಲೆ ಆಡಿಸುವುದು. ನನಗೆ ನಗು ತಡೆದು ತಡೆದು ಹೊಟ್ಟೆ ನೋವು ಬಂತು.

ನನ್ನ ಸರದಿ ಬಂತು. ಎಲೆ ಮೂಸಿದೆ. ಚಮಚ ಎತ್ತಿ ಸೊರ್ರ್ ಎಂದು ಎಳೆದೆ. ಎಲ್ಲರೂ ತಿರುಗಿ ನೋಡಿದರು. ಭಾವ ಮೈಕಿನಲ್ಲಿ, "ನಮ್ಮ ಮಾವನ ಮಗಳು. ಮನೆಯ ಅಭ್ಯಾಸ, ಕ್ಷಮಿಸಬೇಕು" ಅಂದ. ಜನ ನಕ್ಕರು. ನಾನು ಎದ್ದು ಹೋಗಿ ಮೈಕಿಗೆ ಕೈ ಚಾಚಿದೆ. ಹೊಗಳುತ್ತಾಳೆ ಅಂದುಕೊಂಡು ಕೊಟ್ಟ.

"ಎಲೆ ಒಳ್ಳೆಯದು," ಅಂದೆ ಹಿಂದಿಯಲ್ಲಿ, ನಿಧಾನವಾಗಿ. "ಒಳ್ಳೆಯ ತೋಟದ್ದು, ಒಳ್ಳೆಯ ಕೊಯ್ಲಿನದ್ದು. ಇದರಲ್ಲಿ ಕಪ್ಪು ದ್ರಾಕ್ಷಿಯ ಘಮ ಇರಬೇಕಿತ್ತು. ಈಗ ಇರುವುದು ಹೀಂಗ್. ಕೆಳಗೆ ಸಾಂಬಾರಿಗೆ ಹಾಕುವ ಇಂಗು. ಎರಡೂ ಒಂದೇ ಕಪಾಟಿನಲ್ಲಿವೆ. ನಂಬಿಕೆ ಇಲ್ಲದಿದ್ದರೆ ತರಿಸಿ ಮೂಸಿ ನೋಡಿ."

ಮುಂದಿನ ಸಾಲಿನ ಒಬ್ಬ ಗುಜರಾತಿ ಹೆಂಗಸು ಕಪ್ಪನ್ನು ಮೂಗಿಗೆ ಹಿಡಿದು ಕೂಗಿದಳು: "ಅರೇ ಹಾಂ! ಹೀಂಗ್ ಹೀ ತೋ ಹೈ! ಮೇರೀ ದಾಲ್ ಕೀ ಖುಷ್‌ಬೂ!" ಅಷ್ಟೇ. ಎಲ್ಲರೂ ಪೆಟ್ಟಿಗೆ ಪೆಟ್ಟಿಗೆ ತೆರೆದು ಮೂಸತೊಡಗಿದರು. ಅಸ್ಸಾಮಿನಲ್ಲೂ ಇಂಗು, ನೀಲಗಿರಿಯಲ್ಲೂ ಇಂಗು. ಕಳಂಬೋಲಿಯ ವ್ಯಾಪಾರಿ ಕಪ್ಪು ಕೆಳಗಿಟ್ಟು ಅದನ್ನು ಬೆರಳಿನಿಂದ ದೂರ ಸರಿಸಿದ. ಭಾವ ನನ್ನ ಕೈಯಿಂದ ಮೈಕು ಕಸಿಯಲು ಬಂದ. ಕೊಡುವ ಮೊದಲು ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. ಆ ಮಾತನ್ನು ಮಳೆಗಾಲವಿಡೀ ಗಾಡಿಯಲ್ಲಿ ಹೇಳಿ ಹೇಳಿ ಬಾಯಿಪಾಠ ಮಾಡಿದ್ದೆ.

"ಇವರು ನನ್ನ ಭಾವ. ಇಡೀ ಮಳೆಗಾಲ ಇಂಗು ಮಾರಿದರು, ಇವತ್ತಿನವರೆಗೆ ಒಂದು ಸಲವೂ ಮೂಸಿ ನೋಡಿಲ್ಲ!"

ಸಭೆ ಅವತ್ತು ಅಪ್ಪನಿಗೆ ನಕ್ಕದ್ದಕ್ಕಿಂತ ಜೋರಾಗಿ ನಕ್ಕಿತು. ಭಾವ ನಗಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ದೀಪಾವಳಿಯ ಹೊತ್ತಿಗೆ ಟೀ ರೂಮು ಮುಚ್ಚಿತು. ಈಗ ಆ ಮಹಡಿಯಲ್ಲಿ ಯಾವುದೋ ಕೋಚಿಂಗ್ ಕ್ಲಾಸಿದೆ. ಭಾವನ ಅಮ್ಮ, ನನ್ನ ಅತ್ತೆ, ನನ್ನ ಜತೆ ಮಾತು ಬಿಟ್ಟರು. ಬಿಡಲಿ. ಆ ಮುಖ ನೆನಪಾದರೆ ನನಗೆ ಇಂದಿಗೂ ಚೆನ್ನಾಗಿ ನಿದ್ದೆ ಬರುತ್ತದೆ.

ಆ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಡೊಂಬಿವಲಿಯಲ್ಲಿ ಇಳಿದು ನೇರ ಹೋಟೆಲಿಗೆ ಓಡಿದೆ. ಗಲ್ಲಾದಲ್ಲಿ ಕೂತಿದ್ದ ಅಪ್ಪನಿಗೆ ಎಲ್ಲ ಹೇಳಿದೆ. "ಇಂಗಾ?" ಅಂದರು ಅಪ್ಪ. "ಇಂಗು ಬಂತಾ ಚಾದಲ್ಲಿ?" ಮೇಜು ಬಡಿದು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು:

"ಕಪಾಟಿನ ವಿಷಯ ನಿನಗೆ ಯಾವಾಗ ಗೊತ್ತಾಯ್ತು ಮಗಾ?"

"ಪೂಜೆ ದಿನ."

"ಮಳೆ ಸುರುವಿಗೇ? ಅಷ್ಟು ಸಮಯ ಸುಮ್ಮನಿದ್ಯಾ?"

"ಹೌದು."

ಅಪ್ಪ ಗಲ್ಲಾದ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. "ಬೆಲೆ ಬಾಳೋದೆಲ್ಲ ಒಂದೇ ಕಪಾಟಲ್ಲಿ ಇಡು ಅಂತ ಅವನಿಗೆ ಹೇಳಿ ಕೊಟ್ಟದ್ದು ನಾನೇ" ಅಂದರು. ನನ್ನನ್ನು ಬೈದದ್ದೋ, ತಮ್ಮನ್ನೇ ಬೈದುಕೊಂಡದ್ದೋ ತಿಳಿಯಲಿಲ್ಲ. ಆದರೆ ಆಮೇಲೆ ಎದ್ದರು. ಭಟ್ಟರನ್ನು ಸರಿಸಿ ತಾವೇ ಒಲೆಯ ಎದುರು ನಿಂತರು, ಶುಂಠಿ ಜಜ್ಜಿದರು, ಪುಡಿ ಹಾಕಿದರು, ಹಾಲು ಉಕ್ಕಿಸಿ ಎತ್ತಿ ಎತ್ತಿ ಹೊಯ್ದರು. ಮೊದಲ ಗ್ಲಾಸನ್ನು ದೇವರ ಪಟಕ್ಕೆ ತೋರಿಸಿ ಕುಡಿದರು. "ಹಾಂ" ಅಂದರು. ನನಗೆ ಅಳು ಬಂತು. ಆ ಇಡೀ ಮಳೆಗಾಲ ನಾನು ಕಾದದ್ದು ಅದೊಂದು ಶಬ್ದಕ್ಕೆ.

ಎರಡನೆಯ ಗ್ಲಾಸು ನನ್ನ ಮುಂದೆ ಇಟ್ಟರು. ನಾನು ಎತ್ತಿಕೊಂಡೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಗ್ಲಾಸನ್ನು ಮೊದಲು ಮೂಗಿಗೆ ಒಯ್ದಿತು. ಆಮೇಲೆ ಸೊರ್ರ್ ಎಂದು ಎಳೆದೆ. ಹಳೆಯ ಪುಡಿ, ಅತಿಯಾಗಿ ಕುದಿದದ್ದು. ತಳ ಹಿಡಿದ ಹಾಲು. ಶುಂಠಿ ಅಡಗಿಸಲು ನೋಡಿ ಸೋತ ಕಹಿ. ಹುಟ್ಟಿದಂದಿನಿಂದ ಕುಡಿದ ಚಹಾ ಅದು, ಜಗತ್ತಿನಲ್ಲಿ ಅದಕ್ಕಿಂತ ರುಚಿಯಾದದ್ದು ಇಲ್ಲ ಎಂದು ನಾನು ಯಾರ ಜತೆ ಬೇಕಾದರೂ ಜಗಳವಾಡುತ್ತಿದ್ದ ಚಹಾ. ತಲೆ ಎತ್ತಿದಾಗ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಗುಂಟು?"

"ಫಸ್ಟ್ ಕ್ಲಾಸ್ ಅಪ್ಪಾ."

"ಮೂಸಿ ನೋಡಿದೆಯಲ್ಲ," ಅಂದರು. "ಸರಿಯಾಗಿ ಹೇಳು."

"ಫಸ್ಟ್ ಕ್ಲಾಸ್," ಅಂದೆ ಮತ್ತೆ. ಅಪ್ಪ ಗಲ್ಲಾಕ್ಕೆ ಹೋಗಿ ಕೂತರು.

ಈಗ ಅಪ್ಪ ದಿನವೂ ಚಹಾ ಕುಡಿಯುತ್ತಾರೆ. ಬೆಳಿಗ್ಗೆ ನಾವಿಬ್ಬರೂ ಮತ್ತೆ ಎದುರುಬದುರು ಕೂರುತ್ತೇವೆ. ಅವರು ಗ್ಲಾಸು ಕೊಟ್ಟ ಕೂಡಲೇ ನಾನು ಉಸಿರು ಹಿಡಿಯುತ್ತೇನೆ, ಮೂಗಿಗೆ ಬೀಗ ಹಾಕಿದವಳಂತೆ ಗಟಗಟನೆ ಕುಡಿಯುತ್ತೇನೆ, ಬಿಸಿ ಮಾತ್ರ ಗೊತ್ತಾಗುತ್ತದೆ. ಗ್ಲಾಸು ಕೆಳಗಿಟ್ಟು "ಫಸ್ಟ್ ಕ್ಲಾಸ್ ಅಪ್ಪಾ" ಅನ್ನುತ್ತೇನೆ. ಅವನ ಟೀ ರೂಮು ಮುಚ್ಚಿತೆಂದು ರಮಾನಂದನ ಲೆಕ್ಕ ತೀರಿತು ಅಂದುಕೊಂಡವರಿಗೆ ಈ ಬೆಳಗಿನ ಉಸಿರಿನ ವಿಷಯ ಗೊತ್ತಿಲ್ಲ. ಅವನಿಂದಾಗಿ ನನಗೆ ನನ್ನ ಅಪ್ಪನ ಚಹಾ ಹೋಯಿತು. ಅದಕ್ಕೆ ಅವನನ್ನು ನಾನು ಇನ್ನೂ ಏನೂ ಮಾಡಿಲ್ಲ.